ಕೆಲಸ ಬದಲಿಸುವವರಿಗೆ ಧೈರ್ಯ ಎಲ್ಲಿಂದ ಬರುತ್ತದೆ?

ಸ್ವಂತ ಉದ್ಯೋಗ ಮಾಡಬೇಕೆಂದು ತರಬೇತಿಗೆ ಬಂದವರಿಗೆ ಒಂದು ಆಟ ಆಡಿಸುತ್ತಾರೆ. ನೆಲದ ಮೇಲೆ ಒಂದು ಗೂಟ ನಿಲ್ಲಿಸಿ, ಅದರಿಂದ ಅಷ್ಟಷ್ಟು ದೂರಕ್ಕೆ ಗೆರೆ ಎಳೆದಿರುತ್ತಾರೆ. ಕೈಗೆ ಒಂದಷ್ಟು ರಿಂಗ್ ಕೊಡುತ್ತಾರೆ. ಯಾವ ಗೆರೆಯ ಮೇಲೆ ನಿಂತು ಬೇಕಾದರೂ ಎಸೆಯಬಹುದು. ರಿಂಗ್ ಗೂಟಕ್ಕೆ ಬಿದ್ದರೆ ಅಂಕ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಂತು, ತಪ್ಪುವ ಮಾತೇ ಇಲ್ಲ ಎನ್ನುವ ಹಾಗೆ ಹಾಕುತ್ತಾರೆ. ಕೆಲವರು ಒಮ್ಮೆಗೇ ಗೋಡೆಯ ತನಕ ಹಿಂದೆ ಸರಿದು, ದೇವರ ಮೇಲೆ ಭಾರ ಹಾಕಿ ಎಸೆಯುತ್ತಾರೆ. ಇನ್ನು ಕೆಲವರು ನಡುವಿನ ಗೆರೆಯೊಂದನ್ನು ಆರಿಸಿಕೊಳ್ಳುತ್ತಾರೆ. ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬರುತ್ತಾರೆ, ಬಿದ್ದರೆ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಆಟ ಮುಗಿದ ಮೇಲೆ ತರಬೇತುದಾರರು ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ ಒಂದೇ: ನೀವು ಅಲ್ಲೇ ಏಕೆ ನಿಂತಿರಿ?

ದೇಶದ ಬಹುತೇಕ ಜಿಲ್ಲೆಗಳಲ್ಲಿರುವ ಆರ್‌ಸೆಟಿ ಎಂಬ ಸ್ವ ಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಇಂಥ ಆಟಗಳು ಪಾಠದ ಭಾಗ. ಆ ಕೇಂದ್ರಗಳಿಗೆಲ್ಲ ಮಾದರಿಯಾದದ್ದು ನಮ್ಮ ಬೆಳ್ತಂಗಡಿ ತಾಲ್ಲೂಕಿನ ಉಜಿರೆ. ಕೆಲಸ ಕೊಡಿಸಿ ಎಂದು ಧರ್ಮಸ್ಥಳಕ್ಕೆ ಬರುತ್ತಿದ್ದ ಯುವಕರಿಗೆ ತಮ್ಮ ಕಾಲ ಮೇಲೆ ತಾವೇ ನಿಲ್ಲುವ ದಾರಿ ತೋರಿಸಬೇಕೆಂದು ಅಲ್ಲಿನ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಮುಂದಾಳತ್ವ ವಹಿಸಿದರು. ಅವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಮೂರೂ ಸೇರಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ, ಟೈಲರಿಂಗ್, ಫೋಟೊಗ್ರಫಿ ಹೀಗೆ ಕಸುಬು ಯಾವುದೇ ಇರಲಿ, ಅದರ ಜೊತೆಗೆ ಧೈರ್ಯವನ್ನೂ ಒಂದು ವಿಷಯವಾಗಿ ಕಲಿಸಬೇಕು ಎಂಬುದು ಆ ಸಂಸ್ಥೆಯ ಕ್ರಮ. ಈ ಬರಹ ಆ ಎರಡನೆಯ ಪಾಠದ ಬಗ್ಗೆ.

ಏಕೆಂದರೆ ನಮ್ಮಲ್ಲಿ ಈಗ ಆ ಪಾಠದ ಅಗತ್ಯ ಬಹಳ ಇದೆ. ಹತ್ತು ಹದಿನೈದು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಇನ್ನು ಸಾಕು ಎನ್ನುವವರು ಇದ್ದಾರೆ. ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕೆನ್ನುವ ಗೃಹಿಣಿಯರು ಇದ್ದಾರೆ. ಖಾಸಗಿ ಶಾಲೆಯ ಸಂಬಳದಲ್ಲಿ ತಿಂಗಳು ದೂಡಲಾಗದೆ ಬೇರೆ ದಾರಿ ಹುಡುಕುವ ಮೇಷ್ಟ್ರುಗಳು ಇದ್ದಾರೆ. ಅವರಿಗೆ ಎರಡು ಕಡೆಯಿಂದ ಉಪದೇಶ ಸಿಗುತ್ತದೆ. ಮನೆಯ ಹಿರಿಯರು, ಇರುವುದನ್ನು ಗಟ್ಟಿಯಾಗಿ ಹಿಡಿದುಕೋ, ಕೈ ಸುಟ್ಟುಕೊಳ್ಳಬೇಡ ಎನ್ನುತ್ತಾರೆ. ವೇದಿಕೆಯ ಭಾಷಣಕಾರರು, ಕನಸು ಬೆನ್ನಟ್ಟು, ನಾಳೆಯೇ ರಾಜೀನಾಮೆ ಕೊಡು ಎನ್ನುತ್ತಾರೆ. ಒಬ್ಬರು ಗೂಟದ ಪಕ್ಕ ನಿಲ್ಲಿಸುತ್ತಾರೆ, ಇನ್ನೊಬ್ಬರು ಗೋಡೆಗೆ ಒರಗಿಸುತ್ತಾರೆ. ಎರಡೂ ಕಡೆ ಧೈರ್ಯ ಹುಟ್ಟುವುದಿಲ್ಲ. ಪಕ್ಕದಲ್ಲಿ ನಿಂತು ಗೆದ್ದವನಿಗೆ ತನ್ನ ಕೈಯ ಅಳತೆ ತಿಳಿಯುವುದಿಲ್ಲ. ದೂರದಿಂದ ಎಸೆದವನು ಗೆದ್ದರೆ ಅದೃಷ್ಟ ಎನ್ನುತ್ತಾನೆ, ಸೋತರೆ ತನ್ನಿಂದ ಆಗದು ಎಂದು ಕೈಚೆಲ್ಲುತ್ತಾನೆ. ನಡುವಿನ ಗೆರೆಯಲ್ಲಿ ನಿಂತು ತಪ್ಪುತ್ತಾ, ತಿದ್ದಿಕೊಳ್ಳುತ್ತಾ ಹೋದವರಿಗೆ ಮಾತ್ರ ತಮ್ಮ ಮೇಲೆ ನಂಬಿಕೆ ಬೆಳೆಯುತ್ತದೆ. ವೃತ್ತಿ ಬದಲಿಸುವವರು ತಿಳಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನಾನು ನಂಬಿದ್ದೇನೆ.

ಕಲಿಸಬಹುದಾದ ಗುಣ

ರಿಂಗ್ ಎಸೆಯುವ ಈ ಆಟದ ಹಿಂದೆ ಒಂದು ಸಂಶೋಧನೆಯ ಇತಿಹಾಸವಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್, ಸಾಧಿಸಬೇಕೆಂಬ ತುಡಿತ ಹೆಚ್ಚಿರುವವರು ಅತಿ ಸುಲಭದ ಕೆಲಸವನ್ನೂ ಅತಿ ಕಷ್ಟದ ಕೆಲಸವನ್ನೂ ಬಿಟ್ಟು, ತಮ್ಮ ಪ್ರಯತ್ನದಿಂದ ಫಲ ಬದಲಾಗಬಲ್ಲ ಮಧ್ಯಮ ಕಷ್ಟದ ಕೆಲಸವನ್ನು ಆರಿಸಿಕೊಳ್ಳುತ್ತಾರೆ ಎಂದು ಗುರುತಿಸಿದರು. ಆಮೇಲೆ ಅವರಿಗೆ ಎದುರಾದ ಪ್ರಶ್ನೆ: ಈ ತುಡಿತ ಹುಟ್ಟಿನಿಂದ ಬರುವಂಥದ್ದೋ, ದೊಡ್ಡವರಾದ ಮೇಲೂ ಕಲಿಸಬಹುದಾದದ್ದೋ?

ಉತ್ತರ ಹುಡುಕಲು ಅವರು ಬಂದದ್ದು ನಮ್ಮ ನೆರೆಯ ಆಂಧ್ರಕ್ಕೆ. 1964ರಲ್ಲಿ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ತಂಡ ತಂಡವಾಗಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿದರು. ಸುಮಾರು ಹತ್ತು ದಿನಗಳ ತರಬೇತಿ. ಗುರಿ ಇಟ್ಟುಕೊಳ್ಳುವುದು, ಅಪಾಯವನ್ನು ಅಳೆಯುವುದು, ಫಲಿತಾಂಶ ನೋಡಿ ತಿದ್ದಿಕೊಳ್ಳುವುದು, ಇವನ್ನು ಆಟ ಮತ್ತು ಚರ್ಚೆಗಳ ಮೂಲಕ ಕಲಿಸಿದರು. ಹೊಸ ಯಂತ್ರ ಕೊಡಲಿಲ್ಲ, ಸಾಲ ಕೊಡಲಿಲ್ಲ. ಮುಂದಿನ ಸುಮಾರು ಎರಡು ವರ್ಷಗಳಲ್ಲಿ ತರಬೇತಿ ಪಡೆದವರು, ಪಡೆಯದ ವ್ಯಾಪಾರಿಗಳಿಗಿಂತ ಹೆಚ್ಚು ಹೊಸ ವ್ಯವಹಾರಗಳಿಗೆ ಕೈ ಹಾಕಿದರು, ಹೆಚ್ಚು ಬಂಡವಾಳ ಹೂಡಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಡೇವಿಡ್ ವಿಂಟರ್ ಜೊತೆ ಸೇರಿ ಮೆಕ್‌ಕ್ಲೆಲ್ಯಾಂಡ್ ಇದನ್ನು 1969ರಲ್ಲಿ ಪುಸ್ತಕವಾಗಿ ತಂದರು. ಉದ್ಯಮಶೀಲತೆ ಯಾವುದೋ ಒಂದು ಜಾತಿಯ, ಮನೆತನದ ಸೊತ್ತು ಎಂದು ನಂಬಿದ್ದ ನಮ್ಮ ದೇಶಕ್ಕೆ ಕಾಕಿನಾಡ ಕೊಟ್ಟ ಉತ್ತರ ದೊಡ್ಡದು. ಮುಂದೆ ಭಾರತದಲ್ಲಿ ಬೆಳೆದ ಉದ್ಯಮಶೀಲತಾ ತರಬೇತಿಗಳಲ್ಲಿ ಹಲವು ಈ ಪ್ರಯೋಗದಿಂದ ಕಲಿತಿವೆ.

ಧೈರ್ಯ ಹೇಗೆ ಬೆಳೆಯುತ್ತದೆ ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಿದವರು ಇನ್ನೊಬ್ಬ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ ಎಂದು ಅವರು 1977ರಲ್ಲಿ ಬರೆದರು. ಮೊದಲನೆಯದು, ಸ್ವತಃ ಮಾಡಿ ಗೆದ್ದ ಅನುಭವ. ಎರಡನೆಯದು, ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು. ಮೂರನೆಯದು, ನಾವು ಗೌರವಿಸುವವರು ನಿನ್ನಿಂದ ಆಗುತ್ತದೆ ಎಂದು ಹೇಳುವ ಮಾತು. ನಾಲ್ಕನೆಯದು, ನಮ್ಮ ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಹುರಿದುಂಬಿಸುವ ಭಾಷಣ ಕೇಳಿ ಬಂದ ಉತ್ಸಾಹ ಸೋಮವಾರದ ಹೊತ್ತಿಗೆ ಇಳಿದುಹೋಗುವುದು ಏಕೆಂದು ಇದರಿಂದ ತಿಳಿಯುತ್ತದೆ. ಕೇಳಿದ್ದು ಮೂರನೆಯ ಮೂಲ. ಅದರ ಕೆಳಗೆ ಮೊದಲನೆಯದರ ಆಧಾರ ಇಲ್ಲದಿದ್ದರೆ ಅದು ಬಹಳ ದಿನ ನಿಲ್ಲುವುದಿಲ್ಲ.

ಉಜಿರೆ ಮಾದರಿಯ ತರಬೇತಿಯಲ್ಲಿ ಈ ನಾಲ್ಕಕ್ಕೂ ಜಾಗವಿದೆ. ಬೆಳಿಗ್ಗೆ ಪಾಠ ಶುರುವಾಗುವ ಮುನ್ನ ನಿನ್ನೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಯಾವುದೆಂದು ಎದ್ದು ನಿಂತು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡದವರಿಗೆ ಅದೇ ಮೊದಲ ಗೆಲುವು. ಮಾರುಕಟ್ಟೆ ಸಮೀಕ್ಷೆಗೆ ಕಳಿಸುತ್ತಾರೆ. ಅಂಗಡಿಯವರನ್ನು ಮಾತಾಡಿಸಿ ಯಾವ ಸರಕಿಗೆ ಬೇಡಿಕೆ, ಏನು ದರ ಎಂದು ಕೇಳಿಕೊಂಡು ಬರಬೇಕು. ಅಲ್ಲೇ ತರಬೇತಿ ಪಡೆದು ದುಡಿಮೆಗೆ ನಿಂತವರು ಬಂದು ತಮ್ಮ ಕಥೆ ಹೇಳುತ್ತಾರೆ. ತರಬೇತಿ ಮುಗಿಸಿ ಊರಿಗೆ ಹೋದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿಯೂ ಇದೆ. ಧೈರ್ಯ ಬರಲಿ ಎಂದು ಕಾಯುವ ಬದಲು, ಧೈರ್ಯ ಬರುವಂತೆ ದಿನಚರಿಯನ್ನು ಜೋಡಿಸುವ ಜಾಣತನ ಇದು. ಮನೆಯಲ್ಲಿ ಕುಳಿತು ಯೋಚಿಸುತ್ತಿರುವವರೂ ಇದನ್ನು ತಮ್ಮ ಮಟ್ಟಿಗೆ ಮಾಡಿಕೊಳ್ಳಬಹುದು.

ಹಳೆಯ ವಿದ್ಯೆ ವ್ಯರ್ಥವಾಗುವುದಿಲ್ಲ

ಕೆಲಸ ಬದಲಿಸುವವರನ್ನು ಹೆಚ್ಚು ಕಾಡುವ ಭಯ, ಇಷ್ಟು ವರ್ಷ ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದಲ್ಲ ಎಂಬುದು. ಕರ್ನಾಟಕದ ಉದ್ಯಮ ಚರಿತ್ರೆ ನೋಡಿದರೆ ಈ ಭಯಕ್ಕೆ ಆಧಾರ ಕಡಿಮೆ.

ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿ 1975ರಲ್ಲಿ ಮಾಸ್ಟರ್ ಬ್ರೂಯರ್ ಆದರು. ತಂದೆ ಅದೇ ವೃತ್ತಿಯಲ್ಲಿದ್ದವರು. ಆದರೆ ದೇಶಕ್ಕೆ ಮರಳಿದಾಗ ಇದು ಗಂಡಸರ ಕೆಲಸ ಎಂಬ ಉತ್ತರ ಸಿಕ್ಕಿತು; ಓದಿದ ವೃತ್ತಿಯ ಬಾಗಿಲು ಮುಚ್ಚಿತು. 1978ರಲ್ಲಿ ಐರ್ಲೆಂಡಿನ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದೊಡನೆ, ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಅವರು ಬಯೋಕಾನ್ ಶುರು ಮಾಡಿದರು. ವಯಸ್ಸು ಇಪ್ಪತ್ತೈದು. ಕೈಯಲ್ಲಿ ಅಡಮಾನಕ್ಕೆ ಆಸ್ತಿಯಿಲ್ಲ, ಉದ್ಯಮ ಹೊಸದು, ನಡೆಸುವವಳು ಹೆಣ್ಣುಮಗಳು, ಬ್ಯಾಂಕುಗಳು ಹಿಂಜರಿದವು. ಮೊದಲ ಸರಕು ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಕಿಣ್ವ ಮತ್ತು ಮೀನಿನಿಂದ ತೆಗೆಯುವ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸಲು ಬೇಕಾದ ಪದಾರ್ಥಗಳೇ. ಬಿಯರ್ ಆಗುವುದು ಹುದುಗುವಿಕೆಯಿಂದ. ಮುಂದೆ ಅವರ ಕಂಪನಿ ಕಿಣ್ವಗಳನ್ನೂ, ಆಮೇಲೆ ಔಷಧಗಳನ್ನೂ ತಯಾರಿಸಿದ್ದು ಅದೇ ಹುದುಗುವಿಕೆಯ ವಿದ್ಯೆಯಿಂದ. 2004ರಲ್ಲಿ ಬಯೋಕಾನ್ ಷೇರುಪೇಟೆಗೆ ಬಂತು. ಅವರು ವೃತ್ತಿ ಬದಲಿಸಿದರು ಎಂದು ನಾವು ಹೇಳುತ್ತೇವೆ, ಆದರೆ ಓದಿದ ಪಾಠವನ್ನು ಅವರು ಎಲ್ಲೂ ಕೈಬಿಟ್ಟಿರಲಿಲ್ಲ.

ಗದಗಿನ ವಿಜಯ ಸಂಕೇಶ್ವರ ಅವರದು ಮುದ್ರಣದ ಮನೆತನ. ಆ ಭದ್ರ ಕಸುಬನ್ನು ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿಯೊಡನೆ ಸಾಗಣೆಗೆ ಇಳಿದರು. ಲಾರಿ ವ್ಯವಹಾರ ಕಷ್ಟದ್ದು, ಹೊಸಬರಿಗೆ ಇನ್ನೂ ಕಷ್ಟ. ಒಂದು ಲಾರಿ ಹಲವಾಯಿತು, ವಿಆರ್‌ಎಲ್ ಎಂಬ ಹೆಸರು ಊರೂರಿಗೂ ತಲುಪಿತು. 1999ರಲ್ಲಿ ಅವರು ವಿಜಯ ಕರ್ನಾಟಕ ಪತ್ರಿಕೆ ತಂದಾಗ ಇವರಿಗೇಕೆ ಪತ್ರಿಕೆ ಎಂದವರು ಇರಬಹುದು. ಆದರೆ ಪತ್ರಿಕೆಗೆ ಬೇಕಾದ ದೊಡ್ಡ ಕೆಲಸಗಳಲ್ಲಿ ಎರಡು, ಅಚ್ಚು ಹಾಕುವುದು ಮತ್ತು ಬೆಳಗಾಗುವುದರೊಳಗೆ ಊರೂರಿಗೆ ತಲುಪಿಸುವುದು. ಮೊದಲನೆಯದು ಮನೆಯಲ್ಲಿ ಕಂಡು ಬೆಳೆದದ್ದು, ಎರಡನೆಯದು ರಸ್ತೆಯಲ್ಲಿ ಕಲಿತದ್ದು. ಎರಡು ವೃತ್ತಿಗಳ ಅನುಭವ ಮೂರನೆಯದರಲ್ಲಿ ಕೂಡಿಕೊಂಡಿತು.

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಬದುಕು ಇನ್ನೂ ಹೆಚ್ಚು ತಿರುವುಗಳದ್ದು. 1951ರಲ್ಲಿ ಹುಟ್ಟಿ, ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆ ಸೇರಿ, 1971ರ ಯುದ್ಧ ಕಂಡವರು. ಮೂವತ್ತು ತುಂಬುವ ಮೊದಲೇ ಸೇನೆ ಬಿಟ್ಟರು. ಮನೆತನದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಿ, ಪರಿಹಾರವಾಗಿ ಜಾವಗಲ್ ಸಮೀಪ ಸಿಕ್ಕಿದ ಬರಡು ನೆಲದಲ್ಲಿ ಬೇಸಾಯಕ್ಕೆ ನಿಂತರು. ತೆಂಗು, ಹೈನು, ರೇಷ್ಮೆ. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಮೋಟಾರ್‌ಸೈಕಲ್ ಡೀಲರ್‌ಶಿಪ್, ಹೋಟೆಲ್, ನೀರಾವರಿ ಸಲಕರಣೆಗಳ ವ್ಯಾಪಾರ ಎಲ್ಲವನ್ನೂ ಮಾಡಿದರು. ವಿಧಾನಸಭೆ ಚುನಾವಣೆಗೆ ನಿಂತು ಸೋತರು. 1997ರಲ್ಲಿ ಹೆಲಿಕಾಪ್ಟರ್ ಸೇವೆ, 2003ರಲ್ಲಿ ಏರ್ ಡೆಕ್ಕನ್. ಸಾಮಾನ್ಯ ಜನರಿಗೂ ವಿಮಾನದ ಟಿಕೆಟ್ ಕೈಗೆಟುಕುವಂತೆ ಮಾಡಿದ ಆ ಕಂಪನಿ ಶುರುವಾದಾಗ ಅವರಿಗೆ ಐವತ್ತು ದಾಟಿತ್ತು. ಅವರನ್ನು ಒಂದೇ ಏಟಿಗೆ ಆಕಾಶಕ್ಕೆ ಹಾರಿದವರೆಂದು ಕಾಣುವುದು ತಪ್ಪು. ಎರಡು ದಶಕಗಳ ಕಾಲ ಪ್ರತಿ ಹೊಸ ಕೆಲಸದಲ್ಲೂ ಸಾಲ, ಕೂಲಿ, ಗಿರಾಕಿ, ಸರ್ಕಾರಿ ಕಚೇರಿ ಇವನ್ನು ನಿಭಾಯಿಸಿ ನಿಭಾಯಿಸಿ ಅವರ ಧೈರ್ಯದ ಅಳತೆ ದೊಡ್ಡದಾಗಿತ್ತು.

ವಯಸ್ಸಾಯಿತು ಎಂದು ಹಿಂಜರಿಯುವವರು ಗಮನಿಸಬೇಕಾದ ಅಧ್ಯಯನವೊಂದಿದೆ. ಅಮೆರಿಕದ ಲಕ್ಷಾಂತರ ಉದ್ಯಮ ಸ್ಥಾಪಕರ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞರು, ಅತಿ ವೇಗವಾಗಿ ಬೆಳೆದ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು 45 ಎಂದು ಕಂಡುಕೊಂಡರು. ಅದೇ ಕ್ಷೇತ್ರದಲ್ಲಿ ಮೊದಲೇ ದುಡಿದ ಅನುಭವ ಇದ್ದವರು ಹೆಚ್ಚು ಗೆದ್ದಿದ್ದರು. ಕಾಲೇಜು ಬಿಟ್ಟು ಕೋಟ್ಯಧಿಪತಿಯಾದ ಹುಡುಗರ ಕಥೆ ಕೇಳಿ ಕೇಳಿ ನಲವತ್ತು ದಾಟಿದವರು ತಮ್ಮ ಕಾಲ ಮುಗಿಯಿತೆಂದು ತಿಳಿದಿದ್ದಾರೆ. ಅನುಭವವೇ ಬಂಡವಾಳ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿಗೆ ಈಗ ಅಂಕಿಅಂಶವೂ ಸಾಕ್ಷಿ ನುಡಿಯುತ್ತದೆ.

ಬಿಡುವ ಮುನ್ನ

ಹಾಗೆಂದು ಬೇಸರವಾದವರೆಲ್ಲ ಕೆಲಸ ಬಿಡಬೇಕಿಲ್ಲ. ಬೇಸರದ ಮೂಲ ಎಲ್ಲಿದೆ ಎಂದು ಮೊದಲು ಹುಡುಕಬೇಕು. ಬೇಸರ ಮೇಲಧಿಕಾರಿಯ ಮೇಲೋ, ಈ ಕಂಪನಿಯ ಮೇಲೋ, ಈ ವೃತ್ತಿಯ ಮೇಲೋ? ಮೇಲಧಿಕಾರಿಯ ಮೇಲಾದರೆ ವಿಭಾಗ ಬದಲಿಸಿದರೆ ಸಾಕು. ಕಂಪನಿಯ ಮೇಲಾದರೆ ಬೇರೆ ಕಂಪನಿ ನೋಡಬಹುದು. ವೃತ್ತಿಯೇ ಒಗ್ಗುತ್ತಿಲ್ಲ ಎಂದಾದರೆ ಮಾತ್ರ ದಾರಿ ಬದಲಿಸುವ ಪ್ರಶ್ನೆ. 2001ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ ಬರೆದದ್ದು ಇಲ್ಲಿ ನೆನೆಯಬೇಕು. ಒಂದೇ ಕೆಲಸ ಮಾಡುವವರಲ್ಲಿ ಕೆಲವರು ಅದನ್ನು ಬರೀ ಗುಡಿಸಿ ಒರೆಸುವುದೆಂದು ಕಂಡರೆ, ಕೆಲವರು ರೋಗಿಗಳು ಗುಣವಾಗಲು ತಾವೂ ನೆರವಾಗುತ್ತಿದ್ದೇವೆ ಎಂದು ಕಂಡು, ರೋಗಿಗಳನ್ನು ಮಾತಾಡಿಸುತ್ತಾ ಕೆಲಸದ ಸ್ವರೂಪವನ್ನೇ ಹಿಗ್ಗಿಸಿಕೊಂಡಿದ್ದರು. ಇರುವಲ್ಲೇ ಸಾರ್ಥಕತೆ ಕಾಣುವ ದಾರಿ ಇದ್ದರೆ ಅದನ್ನು ಮೊದಲು ನೋಡುವುದು ಲೇಸು.

ಬಿಡಲೇಬೇಕು ಎಂದು ನಿಶ್ಚಯಿಸಿದವರಿಗೂ ಒಮ್ಮೆಗೇ ಬಿಡುವ ಅವಸರ ಬೇಡ. ಸಂಬಳದ ಕೆಲಸ ಇಟ್ಟುಕೊಂಡೇ ಉದ್ಯಮ ಶುರು ಮಾಡಿ, ಅದು ಕುದುರಿದ ಮೇಲೆ ಪೂರ್ತಿ ಇಳಿದವರಲ್ಲಿ ಸೋಲಿನ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು 2014ರ ಅಧ್ಯಯನವೊಂದು ತೋರಿಸಿದೆ. ಸಂಜೆ ಮತ್ತು ಭಾನುವಾರಗಳಲ್ಲಿ ಪರೀಕ್ಷೆ ಮಾಡುವುದು ಹೇಡಿತನವಲ್ಲ, ವಿವೇಕ. ಕೇಕ್ ಮಾಡುವ ಆಸೆಯಿದ್ದರೆ ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲು ಬಡಾವಣೆಯ ಹತ್ತು ಮನೆಗಳ ಆರ್ಡರ್ ಹಿಡಿಯಿರಿ. ಪಾಠ ಹೇಳುವ ಆಸೆಯಿದ್ದರೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿ ನೋಡಿ. ಕೃಷಿಯ ಕನಸಿದ್ದರೆ ಜಮೀನು ಕೊಳ್ಳುವ ಮೊದಲು ಒಂದು ಬೆಳೆಯ ಕಾಲ ರೈತರೊಬ್ಬರ ಜೊತೆ ಹೊಲದಲ್ಲಿ ನಿಲ್ಲಿ. ನೆಂಟರು ಹೊಗಳಿದರೆ ಲೆಕ್ಕಕ್ಕಿಲ್ಲ. ಪರಿಚಯವಿಲ್ಲದವರು ಹಣ ಕೊಟ್ಟು ಕೊಂಡು, ಎರಡನೇ ಸಲವೂ ಬಂದರೆ ಅದು ಲೆಕ್ಕಕ್ಕೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಕೆಲಸದಲ್ಲಿರುವಾಗ ಬೇರೆ ದುಡಿಮೆ ಮಾಡಬಾರದೆಂಬ ಷರತ್ತು ಅನೇಕ ನೇಮಕಾತಿ ಪತ್ರಗಳಲ್ಲಿರುತ್ತದೆ. ಅದನ್ನು ಓದಿ, ಬೇಕಾದರೆ ಅನುಮತಿ ಪಡೆದೇ ಮುಂದುವರಿಯಬೇಕು.

ಹಣದ ವಿಷಯದಲ್ಲಿ ಸರಸ್ ಸರಸ್ವತಿ ಅವರ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಶೀಲತೆ ಬೋಧಿಸುವ ಈ ವಿದ್ವಾಂಸೆ, ಪಳಗಿದ 27 ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಎಷ್ಟು ಲಾಭ ಬರಬಹುದು ಎಂಬ ಲೆಕ್ಕದಿಂದ ಆ ಉದ್ಯಮಿಗಳು ಶುರು ಮಾಡುವುದಿಲ್ಲ, ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಎಂಬ ಲೆಕ್ಕದಿಂದ ಶುರು ಮಾಡುತ್ತಾರೆ ಎಂಬುದು ಅವರ ಮುಖ್ಯ ತೀರ್ಮಾನಗಳಲ್ಲಿ ಒಂದು. ಈ ಪ್ರಶ್ನೆ ಗಂಡ ಹೆಂಡತಿ ಕುಳಿತು ಮಾತಾಡಬೇಕಾದದ್ದು. ಮಕ್ಕಳ ಫೀಸು, ಮನೆ ಬಾಡಿಗೆ, ಅಪ್ಪ ಅಮ್ಮನ ಔಷಧಿ, ಸಾಲದ ಕಂತು ಇವನ್ನು ತಿಂಗಳ ಲೆಕ್ಕ ಬರೆದು, ಆದಾಯವಿಲ್ಲದೆ ಎಷ್ಟು ತಿಂಗಳು ನಡೆಸಬಹುದೆಂದು ನೋಡಬೇಕು. ಪಿಎಫ್ ಹಣಕ್ಕೆ, ಮನೆಯವರ ಒಡವೆಗೆ ಕೈ ಹಾಕದೆ ನಡೆಸಬಹುದಾದ ಅಳತೆಯಲ್ಲೇ ಮೊದಲ ವರ್ಷದ ಉದ್ಯಮ ಇರಬೇಕು. ಆರೋಗ್ಯ ವಿಮೆ ಕಂಪನಿಯದ್ದಾಗಿದ್ದರೆ ಬಿಡುವ ಮುನ್ನ ಸ್ವಂತದ್ದು ಮಾಡಿಸಿಕೊಳ್ಳಬೇಕು.

ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಬಂಡವಾಳ ಕಟ್ಟುವ ದಾರಿಯನ್ನು ದೇಶಕ್ಕೆ ತೋರಿಸಿದವರೂ ನಮ್ಮವರೇ. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ ಸೇರಿ ಆರಂಭಿಸಿದ ಬ್ಯಾಂಕ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು: ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಹಣವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪದ್ಧತಿ. ನೇಕಾರರು, ಮೀನು ಮಾರುವವರು, ಸಣ್ಣ ಅಂಗಡಿಯವರು ಅದರಿಂದ ದುಡ್ಡು ಕೂಡಿಟ್ಟರು. ಇಂದಿಗೂ ನಮ್ಮ ಸಹಕಾರ ಸಂಘಗಳಲ್ಲಿ ಪಿಗ್ಮಿ ನಡೆಯುತ್ತಿದೆ. ಕೆಲಸ ಬಿಡುವ ಯೋಚನೆ ಇರುವವರು ಇನ್ನು ಒಂದೂವರೆ ಎರಡು ವರ್ಷ ಅದೇ ಶಿಸ್ತಿನಲ್ಲಿ ಕೂಡಿಸಿದರೆ, ಹಣದ ಜೊತೆಗೆ ಇಳಿಯುವ ಧೈರ್ಯವೂ ಕೂಡಿಕೊಳ್ಳುತ್ತದೆ.

ಕಾಗದಪತ್ರಗಳ ಭಯದಿಂದ ನಿಂತವರಿಗೂ ಒಂದು ಮಾತು. ಸಣ್ಣ ಉದ್ಯಮದ ಉದ್ಯಮ್ ನೋಂದಣಿ 2020ರ ಜುಲೈನಿಂದ ಆನ್‌ಲೈನ್‌ನಲ್ಲಿ ನಡೆಯುತ್ತಿದೆ, ಅದಕ್ಕೆ ಶುಲ್ಕವೇ ಇಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಅಡಮಾನವಿಲ್ಲದ ಮುದ್ರಾ ಸಾಲ 2015ರಿಂದ ಇದೆ. ಅದರ ಶಿಶು ವರ್ಗದಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಹೊಸ ಘಟಕಗಳಿಗೆ ಸಹಾಯಧನ ಕೊಡುವ ಪಿಎಂಇಜಿಪಿ ಯೋಜನೆ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು. ಧಾರವಾಡದಲ್ಲಿ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ ಸಿಡಾಕ್, ಬೆಂಗಳೂರಿನಲ್ಲಿ 1983ರಿಂದ ಮಹಿಳಾ ಉದ್ಯಮಿಗಳ ಅವೇಕ್ ಸಂಘಟನೆ ಇವೆ. ಬಾಗಿಲು ತಟ್ಟಿದವರಿಗೆ ದಾರಿ ಹೇಳುವವರು ಸಿಗುತ್ತಾರೆ.

ಸಾರ್ಥಕತೆಯ ಮಾತು

ಕೆಲಸ ಬದಲಿಸಿದವರಿಗೆ ನೆಮ್ಮದಿ ಸಿಗುತ್ತದೆಯೇ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಕೆಲಸ ಬಿಡಲೋ ಬೇಡವೋ ಎಂಬಂಥ ಗೊಂದಲದಲ್ಲಿದ್ದವರು ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಿಸಿ ನಿರ್ಧರಿಸಬಹುದೆಂದು ಆಹ್ವಾನಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ನಂತರ ವಿಚಾರಿಸಿದಾಗ, ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆಯ ಕಡೆ ಹೋದವರು ಇದ್ದಂತೆಯೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಎರಡೂ ಕಡೆ ತೂಕ ಸಮವಾಗಿ ಕಂಡವರ ಪ್ರಯೋಗ ಇದು, ಎಲ್ಲರಿಗೂ ಅನ್ವಯಿಸಲಾಗದು. ಆದರೂ ಇದರಲ್ಲೊಂದು ಪಾಠವಿದೆ: ಬದಲಾವಣೆಯ ಭಯವನ್ನು ನಾವು ಅದರ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತೇವೆ.

ತೃಪ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಃಶಾಸ್ತ್ರಜ್ಞರು ಮೂರು ಬೇರುಗಳನ್ನು ಹೆಸರಿಸಿದ್ದಾರೆ: ನನ್ನ ಕೆಲಸದ ಮೇಲೆ ನನ್ನ ಹಿಡಿತ, ಆ ಕೆಲಸದಲ್ಲಿ ಪಳಗುತ್ತಿದ್ದೇನೆ ಎಂಬ ಅರಿವು, ಜೊತೆಯವರೊಡನೆ ಬಾಂಧವ್ಯ. ಸ್ವಂತ ಉದ್ಯಮಕ್ಕೆ ಇಳಿಯುವವರು ಮೊದಲನೆಯದನ್ನು ಕಂಡು ಮನಸೋಲುತ್ತಾರೆ, ನನಗೆ ನಾನೇ ಯಜಮಾನ ಎಂದುಕೊಳ್ಳುತ್ತಾರೆ. ಆದರೆ ಒಬ್ಬ ಯಜಮಾನನ ಜಾಗದಲ್ಲಿ ನೂರು ಗಿರಾಕಿಗಳು ಬರುತ್ತಾರೆ, ದುಡಿಮೆಯ ಗಂಟೆ ಹೆಚ್ಚುತ್ತದೆ, ಭಾನುವಾರ ಮಾಯವಾಗುತ್ತದೆ. ಆ ದಿನಗಳಲ್ಲಿ ಕಾಪಾಡುವುದು ಉಳಿದ ಎರಡು ಬೇರುಗಳು. ಕೆಲಸದ ಮೇಲೆ ಪ್ರೀತಿ ಇದ್ದು, ಅದು ದಿನೇದಿನೇ ಕೈಗೆ ಒಗ್ಗುತ್ತಿದ್ದರೆ ಕಷ್ಟ ತಡೆಯಬಹುದು. ಕಷ್ಟ ಹೇಳಿಕೊಳ್ಳಲು ಅದೇ ದಾರಿಯಲ್ಲಿ ನಡೆಯುವ ನಾಲ್ಕು ಜನ ಸ್ನೇಹಿತರಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಒಂಟಿಯಾಗಿ ಉದ್ಯಮ ಮಾಡಬೇಡಿ ಎಂದು ನಾನು ಮನವಿ ಮಾಡಿಕೊಳ್ಳುವುದು ಇದಕ್ಕೇ. ಪಾಲುದಾರರು ಬೇಡದಿದ್ದರೆ ಬೇಡ, ಮನಸ್ಸು ಬಿಚ್ಚಿ ಮಾತಾಡುವ ಒಂದು ಬಳಗ ಬೇಕೇ ಬೇಕು.

ಸೋಲಿನ ಬಗ್ಗೆಯೂ ಪ್ರಾಮಾಣಿಕವಾಗಿ ಮಾತಾಡಬೇಕು. ಏರ್ ಡೆಕ್ಕನ್ ಕೂಡ ಕೊನೆಗೆ ಬೇರೆ ಕಂಪನಿಯಲ್ಲಿ ವಿಲೀನವಾಯಿತು. ಗೋಪಿನಾಥ್ ಅವರ ಮುಂದಿನ ಸರಕು ಸಾಗಣೆಯ ಸಾಹಸ ಹೆಚ್ಚು ಕಾಲ ಬಾಳಲಿಲ್ಲ. ಆದರೂ ಅವರನ್ನು ಯಾರೂ ಸೋತವರೆಂದು ಕರೆಯುವುದಿಲ್ಲ. ಈ ಔದಾರ್ಯವನ್ನು ದೊಡ್ಡವರಿಗೆ ತೋರಿಸುವ ನಾವು ನಮ್ಮ ಬೀದಿಯಲ್ಲಿ ಅಂಗಡಿ ಮುಚ್ಚಿದ ಹುಡುಗನಿಗೆ ತೋರಿಸುವುದಿಲ್ಲ. ಅವನು ಮದುವೆ ಮನೆಗೆ ಬರಲು ನಾಚುತ್ತಾನೆ. ಅವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕಿದರೆ ಆ ಎರಡು ವರ್ಷ ಎಲ್ಲಿದ್ದೆ ಎಂದು ಕೇಳುತ್ತಾರೆ. ಆ ಎರಡು ವರ್ಷಗಳಲ್ಲಿ ಅವನು ಕಲಿತದ್ದು ಹಲವು ಪದವಿಗಳಿಗೆ ಸಮ. ಹೊಸ ಕೆಲಸಕ್ಕೆ ಇಳಿಯುವವರ ಧೈರ್ಯ ಅವರೊಬ್ಬರ ಹೊಣೆಯಲ್ಲ. ಊರಿನದ್ದೂ, ಮನೆಯದ್ದೂ ಹೌದು.

ಆದ್ದರಿಂದ ಎರಡು ಬೇಡಿಕೆಗಳು. ಮನೆಯ ಹಿರಿಯರಲ್ಲಿ: ಮಗನೋ ಮಗಳೋ ಸೊಸೆಯೋ ಹೊಸದೊಂದನ್ನು ಮಾಡುತ್ತೇನೆಂದರೆ ಬೇಡ ಎನ್ನುವ ಮೊದಲು, ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಎಂದು ಕೇಳಿ. ಅವರು ಲೆಕ್ಕ ಬರೆದು ತೋರಿಸಿದರೆ ಜೊತೆಗೆ ನಿಲ್ಲಿ. ಯೋಚನೆಯಲ್ಲಿ ಮುಳುಗಿರುವ ಓದುಗರಲ್ಲಿ: ಧೈರ್ಯ ಬರಲಿ ಎಂದು ಇನ್ನೊಂದು ವರ್ಷ ಕಾಯಬೇಡಿ, ನಾಳೆಯೇ ರಾಜೀನಾಮೆಯನ್ನೂ ಬರೆಯಬೇಡಿ. ಈ ತಿಂಗಳೊಳಗೆ ಪರಿಚಯವಿಲ್ಲದ ಒಬ್ಬರಿಗೆ ನಿಮ್ಮ ಸರಕನ್ನೋ ಸೇವೆಯನ್ನೋ ಹಣಕ್ಕೆ ಮಾರಿ ನೋಡಿ. ಅಲ್ಲಿಂದ ಮುಂದಿನ ಹೆಜ್ಜೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆ ಅನುಭವವೇ ನಿಮಗೆ ಹೇಳುತ್ತದೆ.